ಭಾವನವರ ಗುಂಯ್ ಬೇಟೆ

ಆ ಭಾನುವಾರ ಬೆಳಿಗ್ಗೆ ಹಲಸೂರಿನ ನಮ್ಮ ಅಕ್ಕನ ಮನೆಯ ನಡುಮನೆಯಲ್ಲಿ ಐದು ಜನ ಸೇರಿದ್ದೆವು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅಕ್ಕ. ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ, ಟೀ ಲೋಟದ ಸಮೇತ, ಶಿವಾಜಿನಗರದ ನಯಾಜ್ ಭಾಯ್. ಒಳಗೆ ಬರಲೂ ಧೈರ್ಯವಿಲ್ಲದೆ, ಬಿಟ್ಟು ಹೋಗಲೂ ಮನಸ್ಸಿಲ್ಲದೆ ಹೊಸಿಲ ಮೇಲೆ ನಿಂತ ಪಕ್ಕದ ಮನೆ ಮರಗದಮ್ಮ. ಗೋಡೆಗೆ ಒರಗಿ ಬೆವರುತ್ತಿದ್ದ ನಾನು. ಐದನೆಯವರು ನಮ್ಮ ಭಾವ. ಅವರ ಪಾದಗಳೆರಡು ಮಾತ್ರ ಕಾಣುತ್ತಿದ್ದವು. ಉಳಿದ ಭಾವನೆಲ್ಲ ಕಂಪ್ಯೂಟರ್ ಮೇಜಿನ ಕೆಳಗಿದ್ದರು.

ಫ್ಯಾನ್ ಆಫ್. ಫ್ರಿಜ್ ಆಫ್. ಟ್ಯೂಬ್‌ಲೈಟ್ ಆಫ್. ಯಾಕೆ ಬೇಕು ಅನುಮಾನ ಅಂತ ಗೋಡೆ ಗಡಿಯಾರದ ಶೆಲ್ಲನ್ನೂ ಭಾವ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು.

"ಈಗ ಎಲ್ರೂ ಉಸಿರು ಬಿಗಿಹಿಡಿದು ಕೇಳಿ," ಅಂದವು ಪಾದಗಳು.

ಕೇಳಿದೆವು. ಸ್ಪೀಕರಿನೊಳಗಿಂದ, ಒಂದು ದಪ್ಪ ದುಂಬಿ ನಿದ್ದೆಯಲ್ಲಿ ಗೊಣಗಿದ ಹಾಗೆ, ಸದ್ದು ಬಂತು. ಗುಂಯ್...

"ಇದೆ ಭಾಯ್," ಅಂದರು ನಯಾಜ್.

"ಇದೆ ಅಣ್ಣಾ," ಅಂದರು ಮರಗದಮ್ಮ.

"ಇದೆ," ಅಂದೆ ನಾನು.

"ದೋಸೆ ಹಿಟ್ಟು ಹುಳಿ ಬರ್ತಿದೆ," ಅಂದಳು ಅಕ್ಕ.

ಈಗ ನಿಮಗೊಂದು ಮಾತು ಹೇಳಿಬಿಡಬೇಕು. ಹಲಸೂರಿನಲ್ಲಿ ನಮ್ಮ ಭಾವನಷ್ಟು ಗದ್ದಲ ಎಬ್ಬಿಸಿದ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ! ಬಜಾರು ಬೀದಿಯ ಹಿಂದೆ ಅವರದು ಮೈಕ್‌ಸೆಟ್ ಅಂಗಡಿ ಇತ್ತು. ಗಣೇಶನ ಪೆಂಡಾಲು, ನಾಮಕರಣ, ಚುನಾವಣೆ, ಗೃಹಪ್ರವೇಶ, ಎಲ್ಲಕ್ಕೂ ಅವರ ಕಹಳೆಯಂಥ ಸ್ಪೀಕರುಗಳೇ. ಕೆರೆಯ ಈ ದಡದಲ್ಲಿ ಅವರು ಮೈಕಿಗೆ ಊದಿದರೆ ಆ ದಡದ ಕೊಕ್ಕರೆಗಳು ಎದ್ದು ಹಾರುತ್ತಿದ್ದವಂತೆ. ಪರೀಕ್ಷೆಯ ಕಾಲದಲ್ಲಿ ಮಕ್ಕಳ ತಾಯಂದಿರು ಇವರನ್ನು ಬೈಯದ ದಿನವಿರಲಿಲ್ಲ. ಅಂಥವರಿಗೆ ಎಪ್ಪತ್ತು ದಾಟಿದ ಮೇಲೆ, ಅಂಗಡಿಯನ್ನೂ ಮುಚ್ಚಿದ ಮೇಲೆ, ನಡುಮನೆಯ ಒಂದು ಪುಟ್ಟ ಗುಂಯ್ ಸಹಿಸಲು ಆಗುತ್ತಿಲ್ಲ ಅಂದರೆ ದೇವರಿಗೂ ತಮಾಷೆ ಬುದ್ಧಿ ಇದೆ ಅಂತಲೇ ಅಲ್ಲವೇ?

ಗುಂಯ್ ಅವರ ಹಳೆಯ ವೈರಿ. ಅವರ ಮದುವೆಯ ಕಥೆ ಕೇಳಿ. ಅಳಿಯನಿಗೆ ಮದುವೆ ದಿನವಾದರೂ ಕೆಲಸ ತಪ್ಪಲಿ ಅಂತ ನಮ್ಮ ಅಪ್ಪ ಶಿವಾಜಿನಗರದಿಂದ ಬೇರೆಯವರ ಮೈಕ್‌ಸೆಟ್ ಹೇಳಿದ್ದರು. ನಾದಸ್ವರದ ಹಿಂದೆ ಗುಂಯ್ ಶುರುವಾಯಿತು. ಮಂತ್ರದ ಹಿಂದೆಯೂ ಗುಂಯ್. ಮಂಟಪದಲ್ಲಿ ಕೂತ ಭಾವ ಸ್ವಲ್ಪ ಹೊತ್ತು ಹಲ್ಲು ಕಚ್ಚಿದರು. ಆಮೇಲೆ ಹಣೆಗೆ ಕಟ್ಟಿದ ಬಾಸಿಂಗದ ಸಮೇತ ಎದ್ದು, ಪೆಂಡಾಲಿನ ಹಿಂದಕ್ಕೆ ನಡೆದು, ಆಂಪ್ಲಿಫೈಯರಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿ, ಮೈಕಿನವನನ್ನು ದುರುಗುಟ್ಟಿ ನೋಡಿ ವಾಪಸು ಬಂದರು. ಪುರೋಹಿತರು ಮಂತ್ರ ನಿಲ್ಲಿಸಿ ಬಾಯಿ ತೆರೆದುಕೊಂಡು ಕೂತಿದ್ದರು. "ಹ್ಞೂಂ, ಈಗ ಹೇಳಿ ಸ್ವಾಮಿ," ಅಂದರಂತೆ ಭಾವ. ಅಕ್ಕನ ಕುತ್ತಿಗೆಗೆ ತಾಳಿ ಆಮೇಲೆ ಬಿತ್ತು.

ಆ ಮೈಕಿನವರೇ ನಯಾಜ್ ಭಾಯ್. "ಅವತ್ತಿನ ಗುಂಯ್ ಜನರೇಟರ್‌ದು ಭಾಯ್, ನನ್ನ ಸೆಟ್‌ದಲ್ಲ," ಅಂತ ಇವತ್ತಿಗೂ ಹೇಳುತ್ತಾರೆ. "ಕಳ್ಳನನ್ನ ಕೇಳಿದ್ರೆ ಕೈಲಿರೋ ಚೀಲ ಯಾವಾಗ್ಲೂ ಪಕ್ಕದವನದೇ," ಅಂತ ಭಾವ ಇವತ್ತಿಗೂ ನಂಬುವುದಿಲ್ಲ. ಈ ಜಗಳದ ಮೇಲೇ ಇಬ್ಬರ ಸ್ನೇಹ ನಿಂತಿದೆ.

ಕಂಪ್ಯೂಟರ್ ಭಾವನ ಮನೆಗೆ ಬಂದದ್ದು ನನ್ನಿಂದ. ನನ್ನ ಮಗಳು ಲ್ಯಾಪ್‌ಟಾಪ್ ಕೊಂಡಾಗ ಮೇಜಿನ ಮೇಲಿನ ಹಳೇ ಡಬ್ಬ ಬೇಡವಾಯಿತು. ಹಾಳುಮಾಡುವ ಬದಲು ಭಾವನಿಗೆ ಕೊಡೋಣ, ಹಳೇ ಹಾಡು ಕೇಳಿಕೊಂಡಿರಲಿ ಅಂತ ಕೃಷ್ಣರಾಜಪುರದಿಂದ ಆಟೋದಲ್ಲಿ ಹೇರಿಕೊಂಡು ಬಂದೆ. ಜೊತೆಗೆ ಅಂಗೈಯಗಲದ ಎರಡು ಸ್ಪೀಕರೂ ಇದ್ದವು. ಭಾವ ಅವನ್ನು ಎತ್ತಿ ನೋಡಿ, "ಇವೇನು, ಉಪ್ಪಿನ ಡಬ್ಬಿಗಳಾ?" ಅಂದರು. ಅಟ್ಟದಿಂದ ತಮ್ಮ ಹಳೇ ಹಸಿರು ಆಂಪ್ಲಿಫೈಯರ್ ಇಳಿಸಿದರು. ಅದು ಮದುವಣಗಿತ್ತಿಯ ಟ್ರಂಕಿನಷ್ಟಿದೆ. ಅದಕ್ಕೊಂದು ಮರದ ಸ್ಪೀಕರ್ ಪೆಟ್ಟಿಗೆ, ಕಂಪ್ಯೂಟರಿನಿಂದ ಆಂಪ್ಲಿಫೈಯರಿಗೆ ಒಂದು ತಂತಿ, ಕಂಪ್ಯೂಟರಿಗೆ ಒಂದು ಮೈಕು. ನಡುಮನೆಯಲ್ಲಿ ಇನ್ನು ಶಾಮಿಯಾನ ಹಾಕುವುದೊಂದು ಬಾಕಿ.

ಮೈಕ್‌ಸೆಟ್ಟಿನವರದು ಒಂದು ಕಟ್ಟುನಿಟ್ಟು ಇದೆ. ಆಂಪ್ಲಿಫೈಯರಿಗೆ ಅದರದೇ ಪ್ರತ್ಯೇಕ ಲೈನು ಬೇಕು. ಪೆಂಡಾಲಿನ ಮಿಣಿಮಿಣಿ ದೀಪದ ಲೈನಿಗೆ ಅದನ್ನು ಚುಚ್ಚಿದರೆ ಗೊರಗೊರ ಸದ್ದು ಬರುತ್ತದೆ, ಹಾಗೆ ಚುಚ್ಚಿದವನನ್ನು ಮೈಕಿನವನು ಅಂತಲೇ ಕರೆಯುವುದಿಲ್ಲ. ಆದ್ದರಿಂದ ಕಂಪ್ಯೂಟರು ನಡುಮನೆಯ ಬೋರ್ಡಿಗೆ, ಆಂಪ್ಲಿಫೈಯರು ಉದ್ದ ವೈರಿನಲ್ಲಿ ಅಡುಗೆಮನೆಯ ಬೋರ್ಡಿಗೆ. ಅಡುಗೆಮನೆಯಲ್ಲಿದ್ದ ಒಂದೇ ಒಂದು ಪ್ಲಗ್ ಪಾಯಿಂಟು ಅದಕ್ಕೆ ಹೋಯಿತು. ಅಕ್ಕನ ಮಿಕ್ಸಿ ಅವತ್ತೇ ಅನಾಥವಾಯಿತು. ಚಟ್ನಿ ಬೇಕಾದರೆ ತೆಂಗಿನಕಾಯಿ ತುರಿ ಹಿಡಿದು ಮರಗದಮ್ಮನ ಮನೆಗೆ ಹೋಗಬೇಕು.

ಮೊದಲನೆಯ ದಿನವೇ ಗುಂಯ್ ಕಾಣಿಸಿಕೊಂಡಿತು.

ಟೆಸ್ಟಿಂಗ್ ಶುರುವಾಯಿತು. ಬರೀ "ಹಲೋ, ಒನ್ ಟೂ ತ್ರೀ" ಸಾಲದು, ನಿಜವಾದ ಮಾತಿನ ಹಿಂದೆ ಗುಂಯ್ ಎಷ್ಟಿದೆ ನೋಡಬೇಕು ಅಂತ ಭಾವ ಅಕ್ಕನನ್ನು ಮೈಕಿನ ಮುಂದೆ ಕೂರಿಸಿದರು. ಏನು ಹೇಳಲಿ ಅಂತ ಅಕ್ಕ. ಪೇಪರ್ ಓದು ಅಂತ ಭಾವ. ಅವಳು ಓದಿದಳು. ಮಾರನೆಯ ದಿನವೂ ಓದಿದಳು. ಹಾಗೇ ಅದು ದಿನಚರಿಯಾಯಿತು. ಬೆಳಿಗ್ಗೆ ತಿಂಡಿಗೆ ಮೊದಲು ಅಕ್ಕ ಗಂಟಲು ಸರಿಮಾಡಿಕೊಂಡು, "ಹಲೋ, ಮೈಕ್ ಟೆಸ್ಟಿಂಗ್," ಅಂತ ಶುರುಮಾಡಿ, ಮುಖಪುಟದಿಂದ ಶ್ರದ್ಧಾಂಜಲಿಯವರೆಗೆ ಓದುವಳು. ಚಿನ್ನದ ಅಂಗಡಿಯ ಜಾಹೀರಾತನ್ನು ಸ್ವಲ್ಪ ನಿಧಾನವಾಗಿ ಓದುವಳು. ಭಾವ ಸ್ಪೀಕರ್ ಪೆಟ್ಟಿಗೆಯ ಎದುರು ಸ್ಟೂಲು ಹಾಕಿ, ಕಣ್ಣು ಮುಚ್ಚಿ, ಸಂಗೀತ ಕೇಳುವ ಹಾಗೆ ಕೇಳುವರು. ಹೆಂಡತಿ ಇರುವುದು ಪಕ್ಕದಲ್ಲಿ, ಮೊಳದ ದೂರದಲ್ಲಿ. ಕೇಳುವುದು ಪೆಟ್ಟಿಗೆಯಿಂದ!

"ಎದುರಿಗೆ ನಿಂತು ಹೇಳಿದ್ರೆ ಇವರ ಕಿವಿಗೇ ಬೀಳಲ್ಲ ಕಣೋ," ಅಂತ ಅಕ್ಕ ನನ್ನ ಹತ್ತಿರ ದೂರಿದ್ದಳು. "ಹಾಲು ತಗೊಂಡ್ಬನ್ನಿ ಅಂದ್ರೆ ಹ್ಞೂಂ ಅಂತಾರೆ, ಸುಮ್ನೆ ಕೂತಿರ್ತಾರೆ. ಪೆಟ್ಟಿಗೇಲಿ ಹೇಳಿದ್ರೆ ಮಾತ್ರ ಎದ್ದು ಹೋಗ್ತಾರೆ."

"ಯಾವ ಗಂಡ ಎದುರಿಗೆ ಹೇಳಿದ್ದು ಕೇಳಿದ್ದಾನೆ ಅಕ್ಕಾ?" ಅಂತ ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆಮೇಲೆ ಅಂದಳು, "ಆದ್ರೂ ಇಷ್ಟು ವರ್ಷಕ್ಕೆ ಈಗ್ಲೇ ನೋಡು, ನಾನು ಮಾತಾಡೋದನ್ನ ಒಬ್ರು ಕೂತು ಕೇಳ್ತಿರೋದು. ಗುಂಯ್ ಹೋದ ದಿನ ಟೆಸ್ಟಿಂಗ್ ಮುಗೀತು, ಕಂಪ್ಯೂಟರಿಗೆ ಬಟ್ಟೆ ಹೊದಿಸ್ತೀನಿ ಅಂತಿದಾರೆ."

ಗುಂಯ್ ಹಿಡಿಯಲು ಭಾವನದು ಒಂದೇ ಸೂತ್ರ. "ಒಂದೊಂದೇ ಕಳಚು. ಯಾವುದನ್ನ ಕಳಚಿದಾಗ ಸದ್ದು ನಿಲ್ಲುತ್ತೋ ಅದು ಕಳ್ಳ. ಎಲ್ಲಾ ಕಳಚಿದ ಮೇಲೂ ನಿಲ್ಲದಿದ್ರೆ, ಕೊನೇಲಿ ಏನು ಉಳಿಯುತ್ತೋ ಅದು ಕಳ್ಳ."

ಮೊದಲು ಮೊಬೈಲು ಸಿಕ್ಕಿಬಿತ್ತು. ಸ್ಪೀಕರಿನ ಹತ್ತಿರ ಫೋನಿಟ್ಟರೆ ಕರೆ ಬರುವ ಮೊದಲು ಟಿಟ್ ಟಿಟಿಟ್ ಅಂತ ಕುಟ್ಟುತ್ತದೆ ನೋಡಿ, ಅದಕ್ಕೆ. ತಗಡಿನೊಳಗೆ ಹಾಕಿದರೆ ಅಡಗುತ್ತದೆ ಅಂತ ಬಾಗಿಲ ಪಕ್ಕ ಸ್ಟೀಲಿನ ಅಕ್ಕಿ ಡಬ್ಬ ಇಟ್ಟರು. ಬಂದವರೆಲ್ಲ ಚಪ್ಪಲಿ ಹೊರಗೆ, ಫೋನು ಅಕ್ಕಿಯೊಳಗೆ ಬಿಟ್ಟು ಬರಬೇಕು. ಒಂದು ಭಾನುವಾರ ನನ್ನ ಹೆಂಡತಿ ಎಷ್ಟು ಸಲ ಕರೆದರೂ ನಾನು ಎತ್ತಲಿಲ್ಲ. ಸಂಜೆ ಮನೆಗೆ ಹೋದೆ.

"ಎಲ್ಲಿತ್ತು ನಿಮ್ಮ ಫೋನು?"

"ಅಕ್ಕಿ ಡಬ್ಬದಲ್ಲಿ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಕುಕ್ಕರಿನಲ್ಲಿ ಇಡೋ ಮೊದಲು ಹೇಳಿ," ಅಂದು ಒಳಗೆ ಹೋದಳು. ನಮ್ಮ ಮನೆಯ ಮಾತುಕತೆಗೆ ಆ ರಾತ್ರಿ ರಜೆ.

ಆಮೇಲೆ ಫ್ರಿಜ್ಜಿನ ಸರದಿ. ತಮ್ಮ ಮನೆಯದನ್ನು ಆಫ್ ಮಾಡಿದರೂ ಗುಂಯ್ ನಿಲ್ಲದಾಗ, ಗೋಡೆಯ ಆಚೆ ಮರಗದಮ್ಮನ ಫ್ರಿಜ್ಜಿನ ಮೇಲೆ ಅನುಮಾನ ಬಂತು. ಮರಗದಮ್ಮ ಪಾಪ, ಅಣ್ಣ ಕೇಳಿದರು ಅಂತ ಒಂದು ಮಧ್ಯಾಹ್ನವೆಲ್ಲ ಆಫ್ ಮಾಡಿಟ್ಟರು. ಗುಂಯ್ ಕಡಿಮೆಯಾಗಲಿಲ್ಲ. ಅವರ ಇಡ್ಲಿ ಹಿಟ್ಟು ಮಾತ್ರ ಉಬ್ಬಿ, ಫ್ರಿಜ್ಜಿನ ಬಾಗಿಲನ್ನು ತಾನೇ ತೆರೆದುಕೊಂಡು, ನೆಲಕ್ಕಿಳಿದು ನೋಡಲು ಬಂದಿತ್ತು.

ಮೂರನೆಯದು ಅರ್ತಿಂಗ್. ಮನೆಯ ಬದಿಯಲ್ಲಿ, ಕಾಂಪೌಂಡಿನ ಮೂಲೆಯಲ್ಲಿ, ಕರೆಂಟಿನ ನೆಲತಂತಿ ಇಳಿಸಿದ ಒಂದು ಗುಂಡಿ ಇದೆ. ಆ ಗುಂಡಿ ಒಣಗಿದರೆ ಅರ್ತಿಂಗ್ ಸತ್ತುಹೋಗುತ್ತದೆ, ಅದಕ್ಕೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯುತ್ತಿರಬೇಕು. ಭಾವ ದಿನಾ ಬೆಳಿಗ್ಗೆ ಸ್ನಾನವಾದ ತಕ್ಷಣ, ಒದ್ದೆ ಪಂಚೆಯಲ್ಲಿ, ತಾಮ್ರದ ಚೊಂಬು ಹಿಡಿದು ಬರುವರು. ಒಂದು ಹಿಡಿ ಉಪ್ಪು ಹಾಕುವರು. ನೀರನ್ನು ನಿಧಾನಕ್ಕೆ ಸುತ್ತಲೂ ಹೊಯ್ಯುವರು. ಆಮೇಲೆ ಕಣ್ಣು ಮುಚ್ಚಿ, ಒಳಗಿನ ಗುಂಯ್ ಕಡಿಮೆಯಾಯಿತಾ ಅಂತ ಕಿವಿಗೊಟ್ಟು ನಿಲ್ಲುವರು.

ಇದನ್ನು ತಮ್ಮ ಕಿಟಕಿಯಿಂದ ನೋಡಿದ ಮರಗದಮ್ಮ ಏನು ತಿಳಿಯಬೇಕು, ನೀವೇ ಹೇಳಿ! ಒಂದು ದಿನ ಗುಂಡಿಯ ಕಬ್ಬಿಣದ ಮುಚ್ಚಳಕ್ಕೆ ಅರಿಶಿನ ಕುಂಕುಮ ಬಿತ್ತು. ಮರುದಿನ ಚೆಂಡುಹೂವು. ವಾರದೊಳಗೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಚೊಂಬು ಹಿಡಿದು ಬರತೊಡಗಿದರು. ಯಾರೋ ದಾರಿಹೋಕರು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ನಾನೇ ಕಂಡೆ.

"ಭಾವ, ಅವರಿಗೆ ಹೇಳಿ. ಇದು ದೇವರಲ್ಲ, ಅರ್ತಿಂಗ್ ಅಂತ."

"ಸುಮ್ನಿರಯ್ಯ. ದಿನಕ್ಕೆ ಹತ್ತು ಚೊಂಬು ನೀರು ಬೀಳ್ತಿದೆ. ಹಲಸೂರಿನಲ್ಲಿ ಯಾರ ಮನೇಲೂ ಇಂಥ ಅರ್ತಿಂಗ್ ಇಲ್ಲ."

ನಂಬುವಿರೋ ಬಿಡುವಿರೋ, ಆ ಭಕ್ತಿಯಿಂದ ಗುಂಯ್ ಅರ್ಧಕ್ಕರ್ಧ ಇಳಿಯಿತು. ದೇವಿ ಒಲಿದಳು ಅಂತ ಮರಗದಮ್ಮ ಅಂದದ್ದರಲ್ಲಿ ತಪ್ಪೇನು?

ಆದರೆ ಉಳಿದರ್ಧ ಹೋಗಲೇ ಇಲ್ಲ. ಅಲ್ಲೇ ನಮ್ಮ ನಮ್ಮೊಳಗೆ ಒಂದು ಪಿಸುಮಾತು ಶುರುವಾದದ್ದು. ಭಾವ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಯಾವಾಗಲೂ ಕೊನೆಯವರೆಗೆ ತಿರುಗಿಸಿಡುತ್ತಿದ್ದರು. ಅಷ್ಟು ಜೋರಿನಲ್ಲಿ ಗುಂಯ್ ನಮಗೂ ಕೇಳುತ್ತಿತ್ತು, ಸುಳ್ಳಲ್ಲ. ಅರ್ಧಕ್ಕೆ ಇಳಿಸಿದರೆ ನಮಗೆ ಕೇಳುತ್ತಿರಲಿಲ್ಲ. ಭಾವನಿಗೆ ಆಗಲೂ ಕೇಳುತ್ತಿತ್ತು!

"ನಿಮ್ಮ ಕಿವಿಗೆ ತರಬೇತಿ ಇಲ್ಲ," ಅನ್ನುವರು.

ಒಮ್ಮೆ ನಾನು ಬಾಯಿತಪ್ಪಿ, "ಭಾವ, ಒಂದ್ಸಲ ಕಿವಿ ತೋರಿಸಿಬಿಡೋಣ," ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಇಡೀ ಕಂಟೋನ್‌ಮೆಂಟಿನಲ್ಲಿ ಯಾವ ಸೆಟ್ಟಿನ ಯಾವ ತಂತಿ ಸಡಿಲ ಅಂತ ರಸ್ತೇಲಿ ನಿಂತು ಹೇಳ್ತಿದ್ದ ಕಿವಿ ಇದು," ಅಂದು ಎದ್ದು ಕೆರೆಯ ಕಡೆ ನಡೆದುಹೋದರು. ಗುಂಯ್ ಪೆಟ್ಟಿಗೆಯೊಳಗಿದ್ದರೆ ಅವರು ಇನ್ನೂ ಮೈಕ್‌ಸೆಟ್ಟಿನ ಯಜಮಾನರು. ಇಲ್ಲದಿದ್ದರೆ ಏನು ಅಂತ ಅವರೂ ಕೇಳಿಕೊಂಡಿರಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ನಾನು ಆ ಮಾತೆತ್ತಲಿಲ್ಲ.

ಹಾಗಾಗಿ ಆ ಭಾನುವಾರ ಕೊನೆಯ ಯುದ್ಧ. ನಯಾಜ್ ಭಾಯ್‌ಗೆ ಕರೆ ಹೋಗಿತ್ತು. ಈಗ ಅವರು ಶಿವಾಜಿನಗರದಲ್ಲಿ ಕೇಬಲ್ಲು, ಕನೆಕ್ಟರುಗಳ ಅಂಗಡಿ ಇಟ್ಟಿದ್ದಾರೆ. ಒಂದು ಚೀಲ ತುಂಬ ತಂತಿ ತಂದಿದ್ದರು. ಮರಗದಮ್ಮನ ಮನೆಯ ಮೇನ್ ಸ್ವಿಚ್ಚನ್ನೇ ಭಾವ ಆಫ್ ಮಾಡಿಸಿದ್ದರು. ಅದಕ್ಕೇ ಆಕೆ ಹೊಸಿಲಲ್ಲಿ ನಿಂತಿದ್ದದ್ದು.

"ಅಣ್ಣಾ, ಯಾವಾಗ ಆನ್ ಮಾಡ್ಲಿ?"

"ಸ್ವಲ್ಪ ತಡೀರಮ್ಮಾ," ಅಂದವು ಪಾದಗಳು.

ಅಕ್ಕ ತುರಿದ ಕಾಯಿಯ ಬಟ್ಟಲು ನೋಡಿದಳು. ಮರಗದಮ್ಮನ ಮಿಕ್ಸಿಗೂ ಕರೆಂಟಿಲ್ಲ. ಕಾವಲಿ ಕಾದು ಹೊಗೆಯಾಡುತ್ತಿತ್ತು. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. ಸೀದಾ ಒಳಗೆ ಹೋಗಿ, ಆಂಪ್ಲಿಫೈಯರಿನ ಪ್ಲಗ್ಗನ್ನು ಅಡುಗೆಮನೆಯ ಬೋರ್ಡಿನಿಂದ ಕಿತ್ತು, ವೈರಿನ ಸಮೇತ ನನ್ನ ಕೈಗಿಟ್ಟಳು.

"ತಗೋ. ಎಲ್ಲಾದ್ರೂ ಚುಚ್ಕೋ. ನಂಗೆ ಚಟ್ನಿ ಆಗ್ಬೇಕು."

ಎಲ್ಲಿ ಚುಚ್ಚಲಿ? ಕಂಪ್ಯೂಟರಿಗೆ ಕರೆಂಟು ಕೊಟ್ಟಿದ್ದ ಉದ್ದ ಬೋರ್ಡಿನಲ್ಲೇ ಒಂದು ತೂತು ಖಾಲಿ ಇತ್ತು. ಅಲ್ಲಿಗೇ ಚುಚ್ಚಿದೆ. ಸ್ಪೀಕರ್ ಧಡ್ ಅಂತು. "ಯಾರದು?" ಅಂದವು ಪಾದಗಳು. ಅಷ್ಟರಲ್ಲಿ ಒಳಗೆ ಮಿಕ್ಸಿ ಗರ್ರೆಂದಿತು. ಎಷ್ಟೋ ದಿನದ ಉಪವಾಸ ಮುರಿದ ಆನಂದ ಅದರ ದನಿಯಲ್ಲಿತ್ತು.

ಮಿಕ್ಸಿ ನಿಂತಿತು. ಹಿಂದೆಯೇ ನಿಶ್ಶಬ್ದ. ಎಂಥ ನಿಶ್ಶಬ್ದ ಅಂತೀರಿ, ಕಾವಲಿಯ ಮೇಲೆ ಎಣ್ಣೆ ಚಿಟಗುಟ್ಟಿದ್ದು ಕೇಳಿತು.

ನಯಾಜ್ ಭಾಯ್ ಟೀ ಲೋಟ ಕೆಳಗಿಟ್ಟರು. ಆಂಪ್ಲಿಫೈಯರ್ ನೋಡಿದರು. ಕೆಂಪು ದೀಪ ಉರಿಯುತ್ತಿತ್ತು, ಗುಂಡಿ ಕೊನೆಯಲ್ಲೇ ಇತ್ತು. ನನ್ನ ಕೈಯ ಕೆಳಗಿನ ಪ್ಲಗ್ ನೋಡಿದರು. ನಗು ಶುರುವಾಯಿತು.

"ಅರೇ ಭಾಯ್, ಎರಡು ಬೋರ್ಡಿಗೆ ಎರಡು ಅರ್ತಿಂಗ್ ದಾರಿ. ಒಂದಕ್ಕೂ ಇನ್ನೊಂದಕ್ಕೂ ಜಗಳ, ಆ ಜಗಳ ಎಲ್ಲಾ ಈ ಆಡಿಯೊ ತಂತಿಲಿ ಓಡಾಡ್ತಿತ್ತು. ಈಗ ಎರಡೂ ಒಂದೇ ಮನೇಲಿ. ಖತಂ. ಭಾಭಿಯವರ ಚಟ್ನಿ ರಿಪೇರಿ ಮಾಡ್ಬಿಡ್ತು."

"ಪ್ರತ್ಯೇಕ ಲೈನು ಇರ್ಬೇಕಲ್ವೋ," ಅನ್ನುತ್ತಾ ಭಾವ ಮೇಜಿನಡಿಯಿಂದ ಹಿಂದಕ್ಕೆ ತೆವಳಿ ಬಂದರು. ತಲೆಯ ತುಂಬ ಜೇಡರ ಬಲೆ. ಸ್ಟೂಲಿನ ಮೇಲೆ ಕೂತರು. ಕಣ್ಣು ಮುಚ್ಚಿದರು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿದರು.

"ಇದೆ," ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಯಾಜ್ ಬಾಯಿ ತೆರೆದರು. ಅಡುಗೆಮನೆಯ ಬಾಗಿಲಿಂದ ಅಕ್ಕ ಅವರನ್ನು ಒಮ್ಮೆ ನೋಡಿದಳು. ಅವರು ಬಾಯಿ ಮುಚ್ಚಿಕೊಂಡರು.

ಭಾವ ತಮ್ಮ ಸೂತ್ರಕ್ಕೆ ಹೊರಟರು. ಮೈಕಿನ ತಂತಿ ಕಳಚಿದರು. "ಇದೆ." ಕಂಪ್ಯೂಟರ್ ಆಫ್ ಮಾಡಿದರು. "ಇದೆ." ಸ್ಪೀಕರಿನ ತಂತಿ ಬಿಚ್ಚಿದರು. ತಡೆದು ತಡೆದು, "ಇದೆ," ಅಂದರು. ಕೊನೆಗೆ ಆಂಪ್ಲಿಫೈಯರಿನ ಪ್ಲಗ್ಗನ್ನೇ ಕಿತ್ತರು. ಕೆಂಪು ದೀಪ ಆರಿತು. ಪ್ಲಗ್ಗನ್ನು ಅಂಗೈಯಲ್ಲಿ ಹಿಡಿದು ಕೂತರು.

"ನಯಾಜ್, ಎಲ್ಲಾ ಕಳಚಿದೀವಾ?"

"ಎಲ್ಲಾ, ಭಾಯ್."

"ಏನೂ ಉಳಿದಿಲ್ಲ?"

ನಯಾಜ್ ಕಾರ್ಪೆಟ್ಟಿನ ಮೇಲಿದ್ದ ತಂತಿಯೊಂದನ್ನು ಎತ್ತಿಕೊಂಡು ಸುತ್ತತೊಡಗಿದರು. ಭಾವನ ಕೈ ತಾನೇ ಮೇಲೆ ಹೋಗಿ ಎಡಗಿವಿಯನ್ನು ಮುಚ್ಚಿತು, ತೆಗೆಯಿತು, ಮತ್ತೆ ಮುಚ್ಚಿತು. ಹೊಸಿಲ ಮೇಲೆ ಮರಗದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಅವತ್ತು ಮದುವೇಲಿ," ಅಂದರು ನಯಾಜ್, ತಂತಿ ಸುತ್ತುತ್ತಲೇ, "ಗುಂಯ್ ನನ್ನ ಸೆಟ್‌ದೇ ಭಾಯ್. ಜನರೇಟರ್‌ದಲ್ಲ."

ಭಾವ ತಲೆಯೆತ್ತಿದರು. "ಗೊತ್ತು ಕಣೋ," ಅಂದರು. ಸ್ವಲ್ಪ ನಕ್ಕರು ಕೂಡ.

ಅಕ್ಕ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಅವರ ಅಂಗೈಯಿಂದ ಪ್ಲಗ್ ತೆಗೆದುಕೊಂಡು ನನಗೆ ಕೊಟ್ಟಳು. ಮೈಕಿನ ಮುಂದೆ ಕೂತು, ಪೇಪರ್ ಬಿಡಿಸಿದಳು.

"ಎಲ್ಲಾ ಮೊದಲಿನ ಹಾಗೆ ಜೋಡಿಸ್ರೋ. ಇವತ್ತಿಂದು ಇನ್ನೂ ಓದಿಲ್ಲ."

ಜೋಡಿಸಿದೆವು. ಅವಳು ಓದಿದಳು. ನಾವು ನಾಲ್ವರೂ ದೋಸೆ ಸೀಯುವ ವಾಸನೆ ಕುಡಿಯುತ್ತಾ ಕೂತು ಕೇಳಿದೆವು.

ಮುಂದಿನ ವಾರ ಇಂದಿರಾನಗರದ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಸ್ವಲ್ಪ ಹೊತ್ತಾದ ಮೇಲೆ ಭಾವ ಹೆಡ್‌ಫೋನ್ ತೆಗೆದು, "ಡಾಕ್ಟ್ರೇ, ಇದರ ಎಡಗಡೆ ಲೂಸ್ ಕಾಂಟ್ಯಾಕ್ಟ್ ಇದೆ," ಅಂದರು. "ಇಲ್ಲ ಅಂಕಲ್, ಅದು ಸರಿ ಇದೆ," ಅಂದರು ಡಾಕ್ಟರಮ್ಮ. ಗುಂಯ್ ಕಿವಿಯದೇ, ಜೋರು ಸದ್ದಿನ ಹತ್ತಿರ ಬದುಕಿದವರಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ, ಬೇರೆ ಸದ್ದು ಚೆನ್ನಾಗಿ ಕೇಳಿದರೆ ಅದು ಹಿಂದೆ ಸರಿಯುತ್ತದೆ ಅಂತ ವಿವರಿಸಿದರು. ಕಿವಿಗೆ ಹಾಕಿಕೊಳ್ಳಲು ಹುಣಸೆ ಬೀಜದಷ್ಟು ಒಂದು ಯಂತ್ರ ಕೊಟ್ಟರು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರ ಅರ್ತಿಂಗ್ ಎಲ್ಲಿ?" ಅಂತ ಕೇಳಿದರು.

ಯಂತ್ರ ಕೆಲಸ ಮಾಡಿತು. ಹಾಲು ತಗೊಂಡ್ಬನ್ನಿ ಅಂದರೆ ಈಗ ಎದ್ದು ಹೋಗುತ್ತಾರಂತೆ. ಕೊತ್ತಂಬರಿ ಮರೆತು ಬಂದರೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲವಂತೆ. ಕಾಂಪೌಂಡಿನ ಮೂಲೆಯ ಗುಂಡಿಗೆ ಚೆಂಡುಹೂವು ಇವತ್ತಿಗೂ ಬೀಳುತ್ತದೆ. ಅಡುಗೆಮನೆಯ ಬೋರ್ಡು ಮಿಕ್ಸಿಯದೇ. ಟೆಸ್ಟಿಂಗ್ ಮುಗಿಯಿತು, ಇನ್ನು ಕಂಪ್ಯೂಟರ್ ನಿಮಗೆ ಬೇಕಿಲ್ಲವಲ್ಲ ಅಂತ ಫೋನಿನಲ್ಲಿ ಹೇಳಿ, ಅದನ್ನು ವಾಪಸು ತರಲು ಆಟೋ ಗೊತ್ತುಮಾಡಿಕೊಂಡು, ಹೋದ ಭಾನುವಾರ ನಾನು ಹಲಸೂರಿಗೆ ಹೋದೆ.

ಬಾಗಿಲು ಓರೆಯಾಗಿ ತೆರೆದಿತ್ತು. ಮೇಜಿನ ಮೇಲೆ, ಕನ್ನಡಕದ ಪಕ್ಕದಲ್ಲಿ, ಹುಣಸೆ ಬೀಜದಷ್ಟು ಯಂತ್ರ ಅದರ ಪುಟ್ಟ ಡಬ್ಬಿಯಲ್ಲಿ ಮಲಗಿತ್ತು. ಸ್ಟೂಲಿನ ಮೇಲೆ ಭಾವ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕ ಗಂಟಲು ಸರಿಮಾಡಿಕೊಂಡು, ಪೇಪರ್ ಬಿಡಿಸಿ, "ಹಲೋ, ಮೈಕ್ ಟೆಸ್ಟಿಂಗ್," ಅಂದಳು.

ನಾನು ಆಟೋದವನಿಗೆ ಹೋಗಲು ಹೇಳಿ ಬಂದು, ಚಪ್ಪಲಿ ಬಿಟ್ಟು, ಫೋನನ್ನು ಅಕ್ಕಿ ಡಬ್ಬದಲ್ಲಿಟ್ಟು ಒಳಗೆ ಹೋದೆ.